ನಲವತ್ತೈದು ತಿರುವು

ಬೆಟ್ಟದೂರು ಲಿಂತೊಂಗಿನ ಸುತ್ತಮುತ್ತ ಮದುವೆ ಗೊತ್ತಾದರೆ ಮೊದಲು ಊಟದ ಹಂದಿಗೆ ಹೇಳುತ್ತಿದ್ದರು, ಆಮೇಲೆ ಅಮಾನ್ ಲಮ್ರಿಯಾನಿಗೆ. ಹಂದಿ ಎಲ್ಲಾದರೂ ಸಿಕ್ಕೀತು, ಹೆಣ್ಣಿನ ಕಡೆಯವರ ಪರವಾಗಿ ಎದ್ದು ನಿಂತು ಮಾತಾಡಲು ಅಂಥ ಬಾಯಿ ಇನ್ನೊಂದು ಸಿಕ್ಕಬೇಕಲ್ಲ. ಮಗಳು ಲಮ್ರಿಯಾ ಹುಟ್ಟಿದ ದಿನದಿಂದ ಅವನ ಸ್ವಂತ ಹೆಸರನ್ನು ಊರು ಬಳಸಿದ್ದಿಲ್ಲ. ಲಮ್ರಿಯಾಳ ಅಪ್ಪ, ಅಮಾನ್ ಲಮ್ರಿಯಾ, ಅಷ್ಟೇ. ಅವನು ನಾಲ್ಕು ಸಾಲಿನ ಪದ್ಯ ಹೇಳಿ ಹರಸುತ್ತಿದ್ದ. ನಾಲ್ಕನೆಯ ಸಾಲಿನ ತುದಿಯಲ್ಲಿ ಅವನ ದನಿ ಇಳಿಯುತ್ತಿದ್ದ ಹಾಗೇ ಅಂಗಳದ ಜನವೆಲ್ಲ ಒಂದೇ ಬಾಯಾಗಿ 'ಇಮಾ ತುತು' ಎನ್ನುತ್ತಿತ್ತು, ಹಾಗೇ ಆಗಲಿ ಎಂದು. ಆ ಕೂಗು ಬಿದ್ದರೆ ಹರಕೆ ತಲುಪಿತು, ಬೀಳದಿದ್ದರೆ ಪದ್ಯ ಗಾಳಿಗೆ ಹೋಯಿತು. ಮೂವತ್ತು ವರ್ಷದಲ್ಲಿ ಅವನ ಒಂದು ಪದ್ಯವೂ ಗಾಳಿಗೆ ಹೋಗಿರಲಿಲ್ಲ.

ಹೋದದ್ದು ಕಳೆದ ವರ್ಷ, ದೊಡ್ಡಪ್ಪನ ಮೊಮ್ಮಗಳ ಮದುವೆಯಲ್ಲಿ. ಅದಕ್ಕೂ ಮೊದಲೇ ಆರೆಂಟು ತಿಂಗಳಿಂದ ಮಾತು ನಿಧಾನವಾಗಿತ್ತು. ಉದ್ದದ ಪದಗಳು ಬಾಯಲ್ಲಿ ತುಂಡು ತುಂಡಾಗಿ ಬರುತ್ತಿದ್ದವು. ವಯಸ್ಸಾಯಿತು ಎಂದು ಅವನೂ ಸುಮ್ಮನಿದ್ದ, ಹಲ್ಲು ಕಟ್ಟಿಸಿಕೊಳ್ಳಿ ಎಂದು ಹೆಂಡತಿಯೂ ಸುಮ್ಮನಾಗಿದ್ದಳು. ಆ ದಿನ ಮೂರನೆಯ ಸಾಲಿನ ನಡುವೆ ತುಟಿ ಒಂದು ಅಕ್ಷರಕ್ಕೆ ತೆರೆದುಕೊಂಡರೆ ನಾಲಿಗೆ ಇನ್ನೊಂದಕ್ಕೆ ಎದ್ದಿತು. ಯಾವುದೂ ಹೊರಬರಲಿಲ್ಲ. ಮುಂದಿನ ಪದ ಅವನ ಕಣ್ಣ ಮುಂದೆಯೇ ಇತ್ತು, ಅದರ ಅರ್ಥವೂ ಇತ್ತು, ಹೇಳುವ ಹೊತ್ತು ಮಾತ್ರ ಜಾರಿಹೋಗಿತ್ತು. ಜನ ಆ ಮೌನವನ್ನೇ ಮುಕ್ತಾಯ ಎಂದುಕೊಂಡು ಕೂಗಿಬಿಟ್ಟರು: ಇಮಾ ತುತು.

ಅವನು ಮೊದಲಿಂದ ಶುರು ಮಾಡಿದ. ಅದೇ ಜಾಗದಲ್ಲಿ ನಿಂತ. ಜನ ಮತ್ತೆ ಕೂಗಿದರು. ಮೂರನೆಯ ಸಲ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬೆಳಿಗ್ಗೆಯೇ ಹೆಂಡ ಏರಿಸಿಕೊಂಡು ಬಂದಿದ್ದಾನೆ ಎಂಬ ಪಿಸುಮಾತು ಅವನ ಕಿವಿಗೂ ಬಿತ್ತು. ಆಗ ಗಂಡಿನ ಕಡೆಯ ಮಾತುಗಾರ ಎದ್ದು ನಿಂತ. ಅವನು ಬೇರೆ ಯಾರೂ ಅಲ್ಲ, ಅಮಾನ್ ಲಮ್ರಿಯಾನ ತಂಗಿಯ ಗಂಡ ಅಮಾನ್ ಮರುಲಿ. ಇಪ್ಪತ್ತು ವರ್ಷದಿಂದ ಎಷ್ಟೋ ಮದುವೆಗಳಲ್ಲಿ ಎದುರುಬದುರು ನಿಂತು ಮಾತಿಗೆ ಮಾತು ಕೊಟ್ಟವರು ಅವರಿಬ್ಬರು. ಅಮಾನ್ ಮರುಲಿ ಎದುರಾಳಿಯ ಪದ್ಯವನ್ನು ತಾನೇ ಎತ್ತಿಕೊಂಡು ಕೊನೆಯ ಎರಡು ಸಾಲು ಹೇಳಿ ಮುಗಿಸಿದ. ಒಂದು ಅಕ್ಷರ ತಪ್ಪಲಿಲ್ಲ. ಅಂಗಳ ಗುಡುಗಿದ ಹಾಗೆ ಇಮಾ ತುತು ಎಂದಿತು.

ಎದುರು ಪಕ್ಷದವನು ನಮ್ಮ ಪದ್ಯ ಮುಗಿಸುವುದೆಂದರೆ ನಮ್ಮ ತಟ್ಟೆಯ ಅನ್ನ ನಮ್ಮೆದುರೇ ಅವನು ಉಂಡ ಹಾಗೆ. ಅಮಾನ್ ಲಮ್ರಿಯಾ ಅಂದು ತನ್ನ ಪಾಲಿನ ಮಾಂಸವನ್ನೂ ತೆಗೆದುಕೊಳ್ಳದೆ ಮನೆಗೆ ಬಂದ. ಆಮೇಲೆ ಯಾವ ಮದುವೆಗೂ ಮಾತಿಗೆ ನಿಲ್ಲಲಿಲ್ಲ. ಮೈದುನ ಅಂಗಳಕ್ಕೆ ಬಂದರೆ ಇವನು ಕಾಫಿ ತೋಟಕ್ಕೆ ಹೋಗುತ್ತಿದ್ದ.

ಮಗಳು ಬಲವಂತ ಮಾಡಿ ಮೆಡಾನ್ ಪಟ್ಟಣಕ್ಕೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರಮ್ಮ ಅವನ ತಲೆಯ ಚಿತ್ರ ತೆಗೆಸಿದಳು. 'ಪಾ-ತಾ-ಕಾ' ಎಂದು ಬೇಗ ಬೇಗ ಹೇಳಿಸಿದಳು. ಊರಿನ ಹಂದಿ ಬೆಲೆಯಿಂದ ಹಿಡಿದು ಹಳೆಯ ಮದುವೆಗಳವರೆಗೆ ಎಲ್ಲವನ್ನೂ ಬರೆಸಿ ನೋಡಿದಳು. ಬರಹದಲ್ಲಿ ತಪ್ಪಿರಲಿಲ್ಲ. ನಾಲಿಗೆಗೆ ಏನೂ ಆಗಿಲ್ಲ ಎಂದಳು. ನಾಲಿಗೆ, ತುಟಿ, ಉಸಿರು ಯಾವಾಗ ಏಳಬೇಕು, ಯಾವುದರ ಹಿಂದೆ ಯಾವುದು ಬರಬೇಕು ಎಂದು ಹೊಂದಿಸುವ ಜಾಗವೊಂದು ಮಿದುಳಿನಲ್ಲಿದೆ, ಅದು ಸವೆಯುತ್ತಿದೆ. ಇದಕ್ಕೆ ಮದ್ದಿಲ್ಲ, ಹೆಚ್ಚುತ್ತಲೇ ಹೋಗುತ್ತದೆ, ಮುಂದೊಂದು ದಿನ ಪದಗಳೂ ಕೈಬಿಡಬಹುದು. ಆದರೆ ದಿನಾ ಅದೇ ಮಾತನ್ನು ತಾಳ ಹಿಡಿದು ಹೇಳುತ್ತಾ ಬಂದರೆ ಆ ಕೆಲವು ಮಾತುಗಳನ್ನಾದರೂ ಇನ್ನೊಂದಷ್ಟು ಕಾಲ ಉಳಿಸಿಕೊಳ್ಳಬಹುದು.

ಯಾವುದನ್ನು ಉಳಿಸಿಕೊಳ್ಳುತ್ತೀರಿ ಎಂದು ಡಾಕ್ಟರಮ್ಮ ಕೇಳಿದಾಗ ಅವನು ಯೋಚಿಸಲಿಲ್ಲ. ಲಮ್ರಿಯಾಳ ಮದುವೆಗೆ ಇನ್ನು ಮೂರು ತಿಂಗಳಿತ್ತು. ಹೆಣ್ಣಿನ ತಂದೆತಾಯಿ ಉಲೋಸ್ ಹೊದಿಕೆಯ ಎರಡು ತುದಿ ಹಿಡಿದು ವಧೂವರರ ಹೆಗಲ ಮೇಲೆ ಒಟ್ಟಿಗೆ ಹೊದಿಸುವಾಗ ತಂದೆ ಹೇಳುವ ಪದ್ಯ ಒಂದಿದೆ. ಮಿಕ್ಕ ಮಾತನ್ನೆಲ್ಲ ಯಾರಿಂದಲಾದರೂ ಆಡಿಸಬಹುದು. ಅದನ್ನು ಮಾತ್ರ ತಾನೇ ಹೇಳಬೇಕು ಎಂದು ಅವನು ಕಾಗದದ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದ. ಪದ್ಯವನ್ನು ಅವನೇ ಕಟ್ಟಿದ್ದ:

ಬೆಟ್ಟದ ತಲೆಯ ಬೆಳಗಿನ ಮಂಜು
ಇಳಿದು ಗದ್ದೆಗೆ ನೀರಾಗಲಿ;
ನಿಮ್ಮಿಬ್ಬರ ಒಲೆ ಆರದೆ ಉರಿದು
ಬಂದವರಿಗೆಲ್ಲ ಅನ್ನವಾಗಲಿ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿಯೊಬ್ಬಳು ಅಕ್ಷರಕ್ಕೊಂದು ಸಲ ಮೇಜು ಕುಟ್ಟಿ ಎಂದಿದ್ದಳು. ಊರಿಗೆ ಬಂದು ಕುಟ್ಟಿದ. ಮೇಜು ಸವೆಯಿತೇ ಹೊರತು ಮಾತು ಸರಿಯಾಗಲಿಲ್ಲ. ಬಾಯಿ ತಡೆದರೆ ಬೆರಳೂ ತಡೆಯುತ್ತಿತ್ತು. ಎರಡೂ ಅವನವೇ ತಾನೇ, ಒಂದಕ್ಕೊಂದು ರಾಜಿಯಾಗಿಬಿಡುತ್ತಿದ್ದವು.

ದಾರಿ ಸಿಕ್ಕಿದ್ದು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದಲ್ಲಿ. ಒಂದು ಬೆಳಿಗ್ಗೆ ಹೆಂಡತಿ ಅದರ ಹಿಡಿಕೆ ತಿರುಗಿಸುತ್ತಿದ್ದಳು, ಅವನು ಬುಟ್ಟಿಯಿಂದ ಕೆಂಪು ಹಣ್ಣು ಸುರಿಯುತ್ತಿದ್ದ. ಗರ್, ಗರ್, ಗರ್ ಎಂದು ಒಂದೇ ಹದದಲ್ಲಿ ತಿರುಗುವ ಆ ಚಕ್ರದ ಜೊತೆ ಅವನ ತುಟಿ ತಾನಾಗಿ ಆಡತೊಡಗಿತು. ಒಂದು ತಿರುವಿಗೆ ಒಂದು ಅಕ್ಷರ. ಬೆ-ಟ್ಟ-ದ. ತ-ಲೆ-ಯ. ಹೆಂಡತಿ ಕೇಳಿಸಿಕೊಂಡಳು, ಆದರೆ ಕೈ ನಿಲ್ಲಿಸಲಿಲ್ಲ. ಜಾಣೆ. ಮೊದಲ ಸಾಲಿಗೆ ಹನ್ನೆರಡು ತಿರುವಾಯಿತು. ಎರಡನೆಯ ಸಾಲಿನಲ್ಲಿ ಹಣ್ಣಿನ ಜೊತೆ ಬಂದ ಕಲ್ಲು ಸಿಕ್ಕಿ ಚಕ್ರ ಗಕ್ಕನೆ ನಿಂತಿತು. ಅವನ ಮಾತೂ ಅಲ್ಲೇ ನಿಂತಿತು.

ಊರವರು ಅವಳನ್ನು ಬೊರು ಸಿರೆಗಾರ್ ಎನ್ನುತ್ತಿದ್ದರು, ಸಿರೆಗಾರ್ ಕುಲದ ಮಗಳು ಎಂದು. ಗಂಡನೂ ಹಾಗೇ ಕರೆಯುತ್ತಿದ್ದ, ಕರೆಯಲು ಆಗುತ್ತಿದ್ದ ಕಾಲದಲ್ಲಿ. ಈಗ ಚಪ್ಪಾಳೆ ತಟ್ಟಿದರೆ ತಿರುಗಿ ನೋಡುತ್ತಿದ್ದಳು. ಅವಳು ಕಲ್ಲನ್ನು ಕಿತ್ತೆಸೆದು ಉಟ್ಟ ಬಟ್ಟೆಗೆ ಕೈ ಒರೆಸಿಕೊಂಡಳು.

"ಮೂವತ್ತು ವರ್ಷ ಊರಿನ ಮದುವೇಲೆಲ್ಲ ಮಾತಾಡಿದ್ರಿ, ಮನೇಲಿ ನನ್ನ ಸರದೀನೇ ಬಂದಿರ್ಲಿಲ್ಲ," ಎಂದಳು. "ಈಗ ನಾನು ತಿರುಗಿಸಿದ್ರೆ ನೀವು ಮಾತಾಡ್ಬೇಕು. ದೇವರು ದೊಡ್ಡೋನು. ಹೂಂ, ಮೊದಲಿಂದ."

ಅವನಿಗೆ ನಗು ಬಂತು. ನಗುವುದಕ್ಕೆ ಯಾವ ತೊಂದರೆಯೂ ಇರಲಿಲ್ಲ.

ಆ ವರ್ಷ ಅವರ ಕಾಫಿಯಷ್ಟು ನಿಧಾನವಾಗಿ, ಒಂದೇ ಹದದಲ್ಲಿ ಸುಲಿದ ಕಾಫಿ ಊರಿನಲ್ಲಿ ಇನ್ನೊಂದಿರಲಿಲ್ಲ. ಹಣ್ಣು ಮುಗಿದ ಮೇಲೂ ಬರೀ ಚಕ್ರ ತಿರುಗುತ್ತಿತ್ತು. ದಾರಿಯಲ್ಲಿ ಹೋಗುವವರು ಬೇಲಿ ಮೇಲಿಂದ ಇಣುಕಿ, ಗಾಳಿಯನ್ನು ಸುಲಿಯುತ್ತಿದ್ದೀರಾ ಎಂದು ಕೇಳುತ್ತಿದ್ದರು. ಬೊರು ಸಿರೆಗಾರ್ ಅವರಿಗೆ ತಕ್ಕ ಉತ್ತರ ಕೊಟ್ಟು ಕಳಿಸುತ್ತಿದ್ದಳು. ನಾಲ್ಕು ಸಾಲಿಗೆ ನಲವತ್ತೈದು ತಿರುವು. ದಿನಕ್ಕೆ ಇಪ್ಪತ್ತು ಸಲ, ಕೆಲವು ದಿನ ಮೂವತ್ತು. ಎರಡನೆಯ ತಿಂಗಳಿನಲ್ಲಿ ಇಡೀ ಪದ್ಯ ಮೊದಲ ಬಾರಿ ಒಂದೂ ತಡೆಯಿಲ್ಲದೆ ಬಂದಾಗ ಅವನು ಹಿಡಿಕೆಯ ಮೇಲಿದ್ದ ಅವಳ ಕೈಯನ್ನು ಹಿಡಿದುಕೊಂಡ. ಅವಳು ಕೈ ಬಿಡಿಸಿಕೊಂಡು, ಇನ್ನೊಂದು ಸಲ ಎಂದಳು.

ಆದರೆ ಉಳಿದ ಮಾತು ನಿಂತ ನೀರಿನ ಹಾಗೆ ದಿನದಿನಕ್ಕೆ ಇಂಗುತ್ತಿತ್ತು. ಮೊದಲು ಫೋನಿನಲ್ಲಿ ಮಾತಾಡುವುದು ಹೋಯಿತು. ಆಮೇಲೆ ಚರ್ಚಿನಲ್ಲಿ ಪ್ರಾರ್ಥನೆ ಹೋಯಿತು. ಮದುವೆಗೆ ಹತ್ತು ದಿನವಿರುವಾಗ ಹೂಂ, ಉಹೂಂ ಬಿಟ್ಟರೆ ಕಲಿಯದ ಮಾತು ಒಂದೂ ಬರದಾಯಿತು. ನೀರು ಬೇಕೆಂದರೂ ಸ್ಲೇಟು ಹಿಡಿಯಬೇಕು. ಅವನಿಗೆ ಹೆದರಿಕೆಯಾಗುತ್ತಿತ್ತು. ಹೆದರಿದಷ್ಟೂ ಬೆಳಿಗ್ಗೆ ಬೇಗ ಎದ್ದು ಚಕ್ರದ ಮುಂದೆ ಹೋಗಿ ಕೂರುತ್ತಿದ್ದ.

ಇನ್ನೊಂದು ತೊಡಕಿತ್ತು. ಮದುವೆಯ ಅಂಗಳಕ್ಕೆ ಯಂತ್ರ ಹೊತ್ತುಕೊಂಡು ಹೋಗಲಾಗುತ್ತದೆಯೇ? ಬೊರು ಸಿರೆಗಾರ್ ಬೆನ್ನು ತಟ್ಟಿ ನೋಡಿದಳು, ಅವನು ಬೆಚ್ಚಿಬಿದ್ದ. ನೆಲಕ್ಕೆ ಕಾಲು ಬಡಿದಳು, ಜನರ ಗದ್ದಲದಲ್ಲಿ ಯಾರಿಗೆ ಕೇಳುತ್ತದೆ? ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕವಿದಾಗ ಒಣ ಹಾಕಿದ್ದ ಕಾಫಿಯನ್ನು ಗುಡ್ಡೆ ಮಾಡಿ, ಟಾರ್ಪಾಲಿನ ಎರಡು ತುದಿ ಇಬ್ಬರೂ ಹಿಡಿದು ಕೊಡವಿದರು. ಅವಳು ಜಗ್ಗಿದಾಗ ಆ ಸೆಳೆತ ಬಟ್ಟೆಯುದ್ದಕ್ಕೂ ಬಂದು ಅವನ ಮುಂಗೈಗೆ ತಾಗಿತು. ಅವನು ನಿಂತಲ್ಲೇ ನಿಂತ. ಇನ್ನೊಮ್ಮೆ ಎಂದು ಗದ್ದವೆತ್ತಿ ಸನ್ನೆ ಮಾಡಿದ. ಅವಳು ಜಗ್ಗಿದಳು. ಬೆ. ಮತ್ತೆ ಜಗ್ಗಿದಳು. ಟ್ಟ. ದೊಡ್ಡ ದೊಡ್ಡ ಹನಿ ಬೀಳತೊಡಗಿದವು, ಕಾಫಿ ನೆನೆಯಿತು, ಇಬ್ಬರೂ ನಲವತ್ತೈದು ಮುಗಿಸಿಯೇ ಅಲ್ಲಿಂದ ಕದಲಿದ್ದು. ಉಲೋಸಿಗೂ ಎರಡು ತುದಿ, ಅದನ್ನೂ ಅವರಿಬ್ಬರೇ ಹಿಡಿಯಬೇಕು. ಯಾರಿಗೂ ಕಾಣದಂತೆ ಒಂದು ಬೆರಳಿನಿಂದ ಜಗ್ಗಿದರೆ ಸಾಕು.

ಮದುವೆಗೆ ಒಂದು ವಾರವಿರುವಾಗ ಅಮಾನ್ ಮರುಲಿ ಬಂದ. ಈ ಸಲ ತೋಟಕ್ಕೆ ಓಡಲು ಆಗಲಿಲ್ಲ, ಬಾಗಿಲಲ್ಲೇ ಎದುರಾದರು. ಹೆಣ್ಣಿನ ಸೋದರತ್ತೆಯ ಗಂಡ ಅವನು. ಮದುವೆಯ ದಿನ ಅಡುಗೆಯಿಂದ ಹಿಡಿದು ಮಾಂಸ ಹಂಚುವವರೆಗೆ ಎಲ್ಲ ಓಡಾಟವೂ ಅವನದೇ. ಅದರ ಮಾತು ಅರ್ಧ ಗಂಟೆ ನಡೆಯಿತು, ಎಲ್ಲ ಬೊರು ಸಿರೆಗಾರ್ ಜೊತೆ. ಕಾಫಿ ಲೋಟ ಖಾಲಿಯಾದ ಮೇಲೆ ಅವನು ಅಸಲು ಮಾತಿಗೆ ಬಂದ.

"ಲಾಏ," ಎಂದ. ಭಾವ ಮೈದುನರು ಒಬ್ಬರನ್ನೊಬ್ಬರು ಕರೆಯುವುದೇ ಹಾಗೆ. "ಹಿರಿಯರೆಲ್ಲ ಕೂತು ಮಾತಾಡಿದ್ವಿ. ಉಲೋಸ್ ನೀನೇ ಹೊದಿಸು, ನಾನು ಪಕ್ಕದಲ್ಲಿ ನಿಂತು ಪದ್ಯ ಹೇಳ್ತೀನಿ. ನೀನು ಬರಕೊಟ್ಟಿದ್ದನ್ನೇ ಹೇಳ್ತೀನಿ, ಒಂದಕ್ಷರ ಬದಲಾಯಿಸಲ್ಲ. ಅರ್ಧಕ್ಕೆ ನಿಂತ್ರೆ ಜನ ಮತ್ತೆ ಕೂಗಿಬಿಡ್ತಾರೆ ಮಾರಾಯ. ಮಗಳ ಮದುವೇಲಿ ಯಾಕೆ ಬೇಕು ಅದು?"

ಅಮಾನ್ ಲಮ್ರಿಯಾ ಸ್ಲೇಟು ಎತ್ತಿಕೊಂಡು ಬರೆದ: ನನ್ನ ಮಗಳು. ನನ್ನ ಬಾಯಿ. ಸ್ವಲ್ಪ ತಡೆದು ಕೆಳಗೆ ಸಣ್ಣದಾಗಿ ಬರೆದ: ಒಂದು ಸಲ ಮುಗಿಸಿದ್ದು ಸಾಲದೇ?

ಅಮಾನ್ ಮರುಲಿ ಅದನ್ನು ಎರಡು ಸಲ ಓದಿದ. ಅವನ ಮುಖ ಕಪ್ಪಿಟ್ಟಿತು.

"ಅವತ್ತು ನಿನ್ನ ಮಾನ ಉಳಿಸ್ತಿದೀನಿ ಅಂದ್ಕೊಂಡಿದ್ದೆ," ಎಂದ. "ಮನೆಗೆ ಹೋದ್ಮೇಲೆ ನಿನ್ನ ತಂಗಿ ಮೂರು ದಿನ ನನಗೆ ಅನ್ನ ಬಡಿಸ್ಲಿಲ್ಲ. ಆಗ ಗೊತ್ತಾಯ್ತು ಏನು ಮಾಡಿದೀನಿ ಅಂತ."

ಅವನು ಸ್ಲೇಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಎದ್ದು ಹೋದ. ಅಮಾನ್ ಲಮ್ರಿಯಾನಿಗೆ ಕನಿಕರ ಬರಲಿಲ್ಲ. ಬರಬೇಕಿತ್ತೇನೋ, ಆದರೆ ಅಂದಿನ ಲೆಕ್ಕದ ಇಪ್ಪತ್ತು ಸಲ ಇನ್ನೂ ಮುಗಿದಿರಲಿಲ್ಲ.

ಮದುವೆಯ ದಿನ ಚರ್ಚು ಮುಗಿಸಿ ಜನ ಅಂಗಳಕ್ಕೆ ಬರುವ ಹೊತ್ತಿಗೆ ಹನ್ನೊಂದಾಗಿತ್ತು. ನಾಲ್ಕುನೂರು ಜನ ಚಾಪೆಯ ಮೇಲೆ ತಂತಮ್ಮ ಪಕ್ಷ ಹಿಡಿದು ಕೂತರು. ಮಾತಿಗೆ ಮಾತು ನಡೆಯಿತು, ಊಟವಾಯಿತು, ಮಾಂಸ ಹಂಚಿದರು. ಹೆಣ್ಣಿನ ಕಡೆಯಿಂದ ಈ ಸಲ ಕುಲದ ಬೇರೊಬ್ಬ ಮಾತಾಡಿದ, ಪರವಾಗಿಲ್ಲ ಎನ್ನುವಂತೆ ಮಾತಾಡಿದ. ಅಮಾನ್ ಲಮ್ರಿಯಾ ಏನನ್ನೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಮೊಣಕಾಲಿನ ಮೇಲೆ ಬೆರಳು ಮಡಚಿ ಬಿಡಿಸುತ್ತಾ ಕೂತಿದ್ದ. ಕೊನೆಗೆ ಉಲೋಸಿನ ಸರದಿ ಬಂದು ಅವನ ಹೆಸರು ಕೂಗಿದಾಗ ಅಂಗಳದ ಗದ್ದಲ ತಟ್ಟನೆ ಅಡಗಿತು. ಅವನಿಗೆ ಬೇಕಾಗಿದ್ದಕ್ಕಿಂತ ಹೆಚ್ಚಾಗಿಯೇ ಅಡಗಿತು.

ಲಮ್ರಿಯಾ ಗಂಡನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಅಪ್ಪ ಅಮ್ಮ ಉಲೋಸಿನ ತುದಿಗಳನ್ನು ಹಿಡಿದು ಇಬ್ಬರ ಹೆಗಲ ಸುತ್ತ ಹೊದಿಸಿ ಮುಂದಕ್ಕೆ ತಂದರು. ಆಗ ಅವನು ಒಮ್ಮೆ ಜನರ ಕಡೆ ನೋಡಿದ. ಯಾರೂ ಅವನನ್ನು ನೋಡುತ್ತಿರಲಿಲ್ಲ. ನಾಲ್ಕುನೂರು ಜನರ ಕಣ್ಣೂ ಎಡಗಡೆ ಒಲೆಯ ಹತ್ತಿರ ನಿಂತಿದ್ದ ಅಮಾನ್ ಮರುಲಿಯ ಮೇಲಿತ್ತು. ಅವನು ಬಲಗೈಯನ್ನು ತೊಡೆಗೆ ಒತ್ತಿ ಹಿಡಿದು, ಹಾಗೇ ಇರಿ, ಹಾಗೇ ಇರಿ ಎಂಬಂತೆ ಜನರ ಕಡೆ ನೋಡುತ್ತಿದ್ದ. ಮೂವತ್ತು ವರ್ಷ ಜನರನ್ನು ಓದಿದವನಿಗೆ ಅರ್ಥವಾಗಲು ತಡವಾಗಲಿಲ್ಲ. ಮೈದುನ ಒಂದು ವಾರ ಮನೆ ಮನೆ ತಿರುಗಿದ್ದಾನೆ. ನಾನು ಕೈ ಎತ್ತುವವರೆಗೂ ಯಾರೂ ಬಾಯಿ ಬಿಡಬೇಡಿ ಎಂದು ಎಲ್ಲರಿಂದ ಮಾತು ತೆಗೆದುಕೊಂಡಿದ್ದಾನೆ.

ಅಮಾನ್ ಲಮ್ರಿಯಾನಿಗೆ ಮೈ ಉರಿಯಿತು. ತನ್ನ ಹರಕೆ ಎಲ್ಲಿ ಮುಗಿಯುತ್ತದೆಂದು ಹೇಳುವವನು ಮತ್ತೆ ಇವನೇ. ಆಗಲೇ ಬೆರಳಿಗೆ ಸೆಳೆತ ಬಂತು. ಬೊರು ಸಿರೆಗಾರ್ ಕಣ್ಣು ಮಗಳ ಮೇಲೆಯೇ ಇತ್ತು, ಕೈ ಮಾತ್ರ ಕೆಲಸ ಶುರು ಮಾಡಿತ್ತು. ಸಿಟ್ಟಿಗೆ ಹೊತ್ತಿರಲಿಲ್ಲ. ಅವನು ಬಾಯಿ ತೆರೆದ.

"ಬೆ. ಟ್ಟ. ದ."

ದನಿ ದಪ್ಪವಾಗಿತ್ತು, ಏರಿಳಿತವಿರಲಿಲ್ಲ, ಮೂವತ್ತು ವರ್ಷ ಊರು ಕೇಳಿದ ದನಿಯೇ ಅಲ್ಲ. ಆದರೆ ಹಿಂದಿನ ಸಾಲಿನಲ್ಲಿ ಕೂತ ಮುದುಕಿಗೂ ಪ್ರತಿಯೊಂದು ಅಕ್ಷರ ಕೇಳಿತು. ಮಂಜು ಇಳಿಯಿತು. ಗದ್ದೆಗೆ ನೀರಾಯಿತು. ಎರಡನೆಯ ಸಾಲಿನ ಕೊನೆಯಲ್ಲಿ ಉಸಿರಿಗೆ ನಿಂತ. ಅಂಗಳದಲ್ಲಿ ಒಂದು ಕೆಮ್ಮು ಕೂಡ ಇಲ್ಲ. ಮೂರನೆಯ ಸಾಲು ಹಿಡಿದ. 'ಆರದೆ'ಯ ಹತ್ತಿರ ತುಟಿ ಹಳೆಯ ಜಾಗದಲ್ಲೇ ತಪ್ಪಿತು, ದವಡೆ ಸುಮ್ಮನೆ ಆಡಿತು. ಲಮ್ರಿಯಾಳ ಹೆಗಲು ಗಟ್ಟಿಯಾದದ್ದು ಬಟ್ಟೆಯಲ್ಲೇ ಅವನಿಗೆ ತಿಳಿಯಿತು. ಬೊರು ಸಿರೆಗಾರ್ ಅವಸರ ಮಾಡಲಿಲ್ಲ. ಚಕ್ರಕ್ಕೆ ಸಿಕ್ಕ ಕಲ್ಲು ತೆಗೆಯುವಷ್ಟು ಹೊತ್ತು ಕಾದು, ಮೊದಲಿನ ಹದದಲ್ಲೇ ಜಗ್ಗಿದಳು. ಆ. ರ. ದೆ. ಅಲ್ಲಿಂದ ಮುಂದೆ ದಾರಿ ಇಳಿಜಾರು. ಬಂದವರಿಗೆಲ್ಲ, ಅನ್ನ, ವಾ, ಗ, ಲಿ.

ನಲವತ್ತೈದು ಮುಗಿಯಿತು.

ಯಾರೂ ಕೂಗಲಿಲ್ಲ.

ಅವನು ಕಾದ. ಕೊನೆಯ ಅಕ್ಷರ ಬಿದ್ದು ಎಷ್ಟು ಹೊತ್ತಾಯಿತೋ, ನಾಲ್ಕುನೂರು ಜನ ಉಸಿರು ಹಿಡಿದು ಒಲೆಯ ಕಡೆಯೇ ನೋಡುತ್ತಿದ್ದರು. ಅವನೂ ಅತ್ತ ನೋಡಿದ. ಅಮಾನ್ ಮರುಲಿ ಹೆಗಲ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು, ಎರಡು ಕೈಯಲ್ಲೂ ಆ ಬಟ್ಟೆಯನ್ನು ಒತ್ತಿ ಹಿಡಿದು, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಕೈ ಎತ್ತಬೇಕೆಂಬುದು ಅವನಿಗೆ ಮರೆತೇ ಹೋಗಿತ್ತು. ಮಾತು ಕೊಟ್ಟ ಜನ ಕೊಟ್ಟ ಮಾತಿಗೆ ತಪ್ಪದೆ ಕೂತಿದ್ದರು.

ಹರಕೆ ಅಂತರದಲ್ಲಿ ನಿಂತಿತ್ತು. ಇನ್ನೊಂದು ಗಳಿಗೆ ಕಳೆದರೆ ಗಾಳಿಗೆ ಹೋಗುತ್ತಿತ್ತು. ಬೊರು ಸಿರೆಗಾರ್ ತಾನೇ ಕೂಗಲು ಬಾಯಿ ತೆರೆದಳು. ಅವನು ತನ್ನ ಕಡೆಯ ತುದಿಯನ್ನು ಒಮ್ಮೆ ಬಲವಾಗಿ ಜಗ್ಗಿದ. ಅವಳು ಬಾಯಿ ಮುಚ್ಚಿದಳು.

ಕಲಿತ ಮಾತೆಲ್ಲ ಮುಗಿದಿತ್ತು. ಹತ್ತು ದಿನದಿಂದ ನೀರು ಬೇಕೆಂದೂ ಹೇಳಲಾಗದ ಬಾಯಿ ಅದು. ಅವನು ಗಾಳಿ ಎಳೆದುಕೊಂಡ. ನಾಲಿಗೆ ಎಲ್ಲಿಗೆ ಹೋಗಬೇಕೆಂದು ಕತ್ತಲಲ್ಲಿ ತಡಕಾಡಿದ ಹಾಗೆ ಹುಡುಕಿದ. ಒಂದು ಸಲ ಬರೀ ಉಸಿರು ಬಂತು. ಎರಡನೆಯ ಸಲ ಯಾವುದೋ ಬೇರೆ ಅಕ್ಷರ ಬಂತು. ಅವನು ಬಿಡಲಿಲ್ಲ. ಹಣೆಯ ನರ ಉಬ್ಬಿತು.

"ಲಾ. ಏ."

ಅಮಾನ್ ಮರುಲಿ ಮುಖದಿಂದ ಬಟ್ಟೆ ತೆಗೆದ.

"ಕೈ. ಎ. ತ್ತೋ. ಮಾ. ರಾ. ಯ."

ಅಮಾನ್ ಮರುಲಿ ಕೈಯಲ್ಲಿದ್ದ ಬಟ್ಟೆಯ ಸಮೇತ ಎರಡು ಕೈಯನ್ನೂ ಮೇಲೆತ್ತಿದ. ಅಂಗಳ ಅದನ್ನು ನೋಡಲು ಕಾಯಲೇ ಇಲ್ಲ, ಆಗಲೇ ಕೂಗಿಯಾಗಿತ್ತು. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು, ಅಡುಗೆಯವರು, ಬೇಲಿಯಾಚೆ ನಿಂತವರು, ಎಲ್ಲರೂ ಇಮಾ ತುತು ಎಂದರು, ಮತ್ತೊಮ್ಮೆ ಎಂದರು, ಮೂರನೆಯ ಸಲ ನಗುತ್ತಾ ಎಂದರು. ಆ ನಗು ಅವನ ಮೇಲಿನದಲ್ಲ, ಅವನು ನಗಿಸಿದ್ದು. ಒಂದು ವರ್ಷದಿಂದ ಅವನು ಹಸಿದಿದ್ದು ಅದಕ್ಕೇ.

ಪ್ರತಿಯೊಂದು ಸೆಳೆತವೂ ಹೆಗಲಿಗೆ ತಾಗಿದ್ದ ಲಮ್ರಿಯಾ ಉಲೋಸಿನೊಳಗಿಂದ ಒದ್ದೆ ಕಣ್ಣೆತ್ತಿ ಅಮ್ಮನ ಕಡೆ ತಿರುಗಿದಳು. "ಕೊನೇ ಮಾತಿಗೂ ನೀನೇ ಜಗ್ಗಿದ್ಯಾ ಅಮ್ಮ?" ಎಂದು ಮೆಲ್ಲಗೆ ಕೇಳಿದಳು.

ಬೊರು ಸಿರೆಗಾರ್ ತನ್ನ ಎರಡೂ ಅಂಗೈ ಬಿಡಿಸಿ ತೋರಿಸಿದಳು. ಅವನು ಜಗ್ಗಿ ತಡೆದಾಗಲೇ ಅವಳು ಬಟ್ಟೆಯನ್ನು ಬಿಟ್ಟಿದ್ದಳು.